ಸಲೂದಳ ಆಕಾಶದ ಮೀನು

ಕರೆಂಟು ಹೋದರೆ ಕನ್‌ಲುಬಿಯಲ್ಲಿ ಎಲ್ಲರೂ ಬೈಯುತ್ತಾರೆ, ಒಬ್ಬನು ಮಾತ್ರ ಹಲ್ಲು ಕಿರಿಯುತ್ತಾನೆ ಎಂದು ನಮ್ಮ ಓಣಿಯವರು ಹೇಳುತ್ತಿದ್ದರು. ಆ ಒಬ್ಬನು ಮಾನೊ ತಿಕ್ಯೊ. ಲೈನ್‌ಮ್ಯಾನ್‌ಗೆ ಕೆಂಪು ಹೆಂಡ ಕುಡಿಸಿ ತಂತಿ ಬಿಡಿಸುತ್ತಾನೆ ಎಂದೂ ಹೇಳುತ್ತಿದ್ದರು. ಮಿಂಚುಹುಳ ಕಂಡರೂ ಚಪ್ಪಲಿ ತೆಗೆದುಕೊಂಡು ಓಡುತ್ತಾನೆ ಎನ್ನುತ್ತಿದ್ದರು. ಯಾವುದೂ ನಿಜವಲ್ಲ. ಆದರೆ ಮೊಟ್ಟೆಯ ಮಾತು ಮಾತ್ರ ನಿಜ.

ನಮ್ಮ ಸಾಮಾರ್ ದ್ವೀಪದ ಕಡೆ ಮನೆಯಲ್ಲಿ ಮದುವೆ ಗೊತ್ತಾದರೆ, ತಾರಸಿ ಹಾಕುವುದಿದ್ದರೆ, ಆವತ್ತು ಮಳೆ ಬಾರದಿರಲಿ ಎಂದು ಇಗರ್ಜಿಗೆ ಹೋಗಿ ಸಂತ ಕ್ಲಾರಾಳ ಮೂರ್ತಿಯ ಮುಂದೆ ಮೊಟ್ಟೆ ಇಟ್ಟು ಬರುತ್ತೇವೆ. ಆಕಾಶ ತಿಳಿಯಾಗಿಡುವುದು ಅವಳ ಕೆಲಸ. ಮಾನೊ ತಿಕ್ಯೊನ ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿರಲಿಲ್ಲ, ತಾರಸಿ ಹಾಕುವ ಮಾತೂ ಇರಲಿಲ್ಲ. ಆದರೂ ಅಮಾವಾಸ್ಯೆ ಹತ್ತಿರವಾದಾಗಲೆಲ್ಲ ಬೇಲಿಯಾಚೆಯ ಇಸ್ಯಾಂಗಳಿಂದ ಮೊಟ್ಟೆ ಕೇಳಿ ತೆಗೆದುಕೊಂಡು, ಅಂಗೈಯಲ್ಲಿಟ್ಟುಕೊಂಡು ಇಗರ್ಜಿಯ ಕಡೆ ಹೊರಡುತ್ತಿದ್ದ.

"ಮೊಟ್ಟೆ ನನ್ನ ಕೋಳೀದು, ಆಕಾಶ ಮಾತ್ರ ಇವನದು," ಎನ್ನುತ್ತಿದ್ದಳು ಇಸ್ಯಾಂಗ್, ಒಣಮೀನು ತಿರುವಿ ಹಾಕುತ್ತಾ. "ಮಾನೊ, ಹಂಗೇ ನನ್ನ ಮೀನಿಗೂ ಒಂದಿಷ್ಟು ಬಿಸಿಲು ಕೇಳ್ಕೊಂಡು ಬಾ."

"ನಾನು ಕೇಳೋದು ಕತ್ತಲು ಕಣೇ. ಬಿಸಿಲು ಬೇಕಾದ್ರೆ ನೀನೇ ಬೇರೆ ಮೊಟ್ಟೆ ಇಡು."

ಅವನ ಪೂರ್ತಿ ಹೆಸರು ಎವುತಿಕ್ಯೊ; ಮಾನೊ ಎಂದರೆ ನಮ್ಮ ಕಡೆ ಅಣ್ಣ ಎಂದಂತೆ. ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದ. ಪೇಟೆಯ ಅಂಗಡಿಗಳಿಗೆ ಕಳ್ಳರನ್ನು ಕಾಯುವ ಸಿಸಿಟಿವಿ ಹಾಕಿಕೊಡುತ್ತಿದ್ದ. ಅಂಗಳದಲ್ಲಿ ಪ್ಲೈವುಡ್ಡಿನ ಒಂದು ಉದ್ದನೆಯ ಡಬ್ಬ ನಿಲ್ಲಿಸಿದ್ದ. ಹೊಸದಾಗಿ ನೋಡಿದವರು ಶವಪೆಟ್ಟಿಗೆ ಎಂದುಕೊಳ್ಳುತ್ತಿದ್ದರು. ಒಳಗೆ ತಳದಲ್ಲಿ ಊಟದ ತಟ್ಟೆಯಷ್ಟು ಅಗಲದ ಕನ್ನಡಿ ಇತ್ತು; ಅದು ದೂರದರ್ಶಕ. ಕಣ್ಣಿಟ್ಟು ನೋಡುವ ಜಾಗದಲ್ಲಿ ಅವನು ಒಂದು ಕ್ಯಾಮೆರಾ ಸಿಕ್ಕಿಸಿದ್ದ. ಅದು ದೋಣಿ ನಿಲ್ಲುವ ದಕ್ಕೆಯ ಐಸ್ ಕಾರ್ಖಾನೆಯವರು ಹೊಸದು ಹಾಕಿಸಿಕೊಂಡಾಗ ಬಿಚ್ಚಿ ಕೊಟ್ಟ ಹಳೆಯ ಕ್ಯಾಮೆರಾ. ದೀಪವಿಲ್ಲದ ಗೋದಾಮಿನಲ್ಲಿ ಇಲಿ ಓಡಿದರೂ ಹಿಡಿಯುವಂಥದ್ದು. ಮೈಕ್ರೋವೇವ್ ಒಲೆಯೊಳಗಿನ ತಟ್ಟೆ ತಿರುಗಿಸುವ ಮೋಟಾರನ್ನು ಕಿತ್ತು, ಡಬ್ಬವು ನಕ್ಷತ್ರದ ಜೊತೆಗೇ ನಿಧಾನ ತಿರುಗುವಂತೆ ಮಾಡಿದ್ದ. ಇದಕ್ಕೆಲ್ಲ ಕರೆಂಟು ಒಂದು ಲಾರಿಯ ಬ್ಯಾಟರಿಯಿಂದ, ಬ್ಯಾಟರಿಗೆ ಕರೆಂಟು ಮಾಡಿನ ಮೇಲಿನ ಸೋಲಾರ್ ಹಲಗೆಯಿಂದ. ಕ್ಯಾಮೆರಾದ ತಂತಿ ಬಂದು ಒಂದು ಪುಟ್ಟ ಕಪ್ಪು ಬಿಳುಪು ಟಿವಿಗೆ ಸೇರುತ್ತಿತ್ತು.

ಹಾಗಾಗಿ ಊರಿಗೆ ಊರೇ ಕತ್ತಲಲ್ಲಿರುವಾಗ ನಮ್ಮ ಓಣಿಯಲ್ಲಿ ಉರಿಯುವ ಟಿವಿ ಅದೊಂದೇ. ಊಟ ಮುಗಿಸಿ ಜನ ಸುಮ್ಮನೆ ಅಲ್ಲಿಗೆ ಬಂದು ಕೂರುತ್ತಿದ್ದರು.

"ಏನ್ ಮಾನೊ, ಇವತ್ತು ಯಾವ ಚಾನೆಲ್ಲು?" ಎಂದು ತೆಂಗಿನ ಹೆಂಡ ಇಳಿಸುವ ಕಾರ್ದಿಂಗ್ ಕೇಳುತ್ತಿದ್ದ.

"ಆಕಾಶ."

"ಅದ್ರಲ್ಲಿ ಬಾಕ್ಸಿಂಗ್ ಬರಲ್ವಾ?"

"ಬರತ್ತೆ. ಅಲ್ಲಿ ಹೊಡೆದ ಏಟು ಇಲ್ಲಿಗೆ ಬರೋಕೆ ಒಂದು ಕೋಟಿ ವರ್ಷ ಆಗತ್ತೆ. ಕೂತಿರು."

ಟಿವಿಯಲ್ಲಿ ಮೊದಲು ಇರುವೆ ಹರಿದಾಡಿದಂತೆ ಚುಕ್ಕಿ ಚುಕ್ಕಿ. ಸ್ವಲ್ಪ ತಾಳಿದರೆ ಆ ಚುಕ್ಕಿಗಳ ನಡುವೆ ಒಂದು ಜಾಗ ಮೆಲ್ಲಗೆ ಬೆಳ್ಳಗಾಗುತ್ತಿತ್ತು. ಮತ್ತೆ ತಾಳಿದರೆ ಅದಕ್ಕೊಂದು ಆಕಾರ. ಕಣ್ಣು ಬೆಳಕನ್ನು ಬಂದ ಹಾಗೇ ಚೆಲ್ಲಿಬಿಡುತ್ತದೆ, ಈ ಕ್ಯಾಮೆರಾ ಸೂರಿನ ಕೆಳಗಿಟ್ಟ ಹಂಡೆಯಂತೆ ಹನಿ ಹನಿ ಕೂಡಿಡುತ್ತದೆ ಎಂದು ಅವನು ಹೇಳುತ್ತಿದ್ದ. ಯಾರಾದರೂ ಟಾರ್ಚು ಹಾಕಿದರೆ, ಬೀಡಿ ಹಚ್ಚಿದರೆ, "ನನ್ನ ಹಂಡೆಗೆ ಉಗೀಬ್ಯಾಡ್ರೋ," ಎಂದು ಗದರುತ್ತಿದ್ದ.

ಅವನ ಹೆಂಡತಿ ಸಲೂದ್ ಟಿವಿಯ ಪಕ್ಕದಲ್ಲೇ ಕೂತು ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದಳು. ನಕ್ಷತ್ರಗಳ ನಿಜವಾದ ಹೆಸರು ಒಂದನ್ನೂ ಅವಳು ಕಲಿಯಲಿಲ್ಲ, ತನ್ನದೇ ಹೆಸರು ಇಡುತ್ತಿದ್ದಳು. ಒತ್ತೊತ್ತಾದ ನಕ್ಷತ್ರಗಳ ಒಂದು ಗುಂಪು ಅವಳಿಗೆ 'ಚೆಲ್ಲಿದ ಅಕ್ಕಿ'. ಹೊಗೆಯಂಥ ಒಂದು ಮೋಡ 'ಕಾರ್ದಿಂಗನ ಬೀಡಿ'. ಮಳೆಗಾಲ ಹಿಂದೆ ಸರಿದ ಮೇಲೆ ಸಂಜೆಯ ಹೊತ್ತಿಗೆ ದಕ್ಷಿಣದಲ್ಲಿ ಮೇಲೇರುವ ಒಂದು ಗೆಲಾಕ್ಸಿ ಇದೆ, ನಮ್ಮ ಹಾಲುಹಾದಿಯಂಥದ್ದೇ ಇನ್ನೊಂದು, ಉದ್ದಕ್ಕೆ ಓರೆಯಾಗಿ ಮಲಗಿದ್ದು. ಅದು ಅವಳಿಗೆ 'ಇಸ್ಯಾಂಗಳ ಒಣಮೀನು'.

ಆ ಮೀನು ಮಾತ್ರ ಯಾವತ್ತೂ ಪೂರ್ತಿ ಬರಲಿಲ್ಲ. ಕಾರಣ ಐಸ್ ಕಾರ್ಖಾನೆಯ ದೀಪ. ದಕ್ಷಿಣಕ್ಕೆ ದಕ್ಕೆಯ ಮೇಲೆ ಎತ್ತರದ ಕಂಬ, ಅದರ ತುದಿಯಲ್ಲಿ ಬಿಳಿ ದೀಪ. ಕಾರ್ಖಾನೆಗೆ ಸ್ವಂತ ಜನರೇಟರ್ ಇದ್ದುದರಿಂದ ಊರಿಗೆ ಕರೆಂಟು ಹೋದರೂ ಅದು ಆರುತ್ತಿರಲಿಲ್ಲ. ಉಪ್ಪುಗಾಳಿಯಲ್ಲಿ ಅದರ ಬೆಳಕು ಹರಡಿ ಆ ಕಡೆಯ ಆಕಾಶವೆಲ್ಲ ಕಲಗಚ್ಚಿನ ಬಣ್ಣ. ದೀಪಕ್ಕೆ ತಗಡಿನ ಟೋಪಿ ಹಾಕಿಕೊಡುತ್ತೇನೆ ಎಂದು ಮಾನೊ ತಿಕ್ಯೊ ಒಂದು ದಿನ ಯಜಮಾನನನ್ನು ಕೇಳಲು ಹೋಗಿದ್ದ. "ಕಳ್ಳರಿಗೆ ನಕ್ಷತ್ರ ತೋರಿಸ್ತೀಯೇನಯ್ಯಾ," ಎಂದು ಅವನು ನಕ್ಕು, ಒಂದು ಚೀಲ ಐಸು ಕೊಟ್ಟು ಕಳಿಸಿದ್ದ.

ಸಲೂದಳ ಮೂತ್ರಪಿಂಡ ಕೆಟ್ಟು ಅವಳು ಹಾಸಿಗೆ ಹಿಡಿದಾಗ, ಮಾನೊ ತಿಕ್ಯೊ ಕಿಟಕಿಯಿಂದ ತಂತಿ ಎಳೆದು ಟಿವಿಯನ್ನು ಅವಳ ತಲೆದಿಂಬಿನ ಹತ್ತಿರ ಇಟ್ಟ. ದೂರದರ್ಶಕ ಅಂಗಳದಲ್ಲಿ, ಚಿತ್ರ ಹಾಸಿಗೆಯ ಪಕ್ಕದಲ್ಲಿ. ಕಣ್ಣಿಟ್ಟು ನೋಡುವ ದೂರದರ್ಶಕದಲ್ಲಿ ಈ ಅನುಕೂಲ ಇಲ್ಲ. ನಾವು ಕಿಟಕಿಯ ಹೊರಗೆ ನಿಂತರೆ ಒಳಗಿನ ಮಾತು ಕೇಳುತ್ತಿತ್ತು.

"ತಲೆ ಎಲ್ಲಿ ಇದಕ್ಕೆ?"

"ದೀಪ ತಿಂದುಬಿಡ್ತು."

"ಬಾಲ?"

"ಅದನ್ನೂ ದೀಪವೇ ತಿಂತು."

"ಬರೀ ನಡುವಿನ ತುಂಡು. ಇಸ್ಯಾಂಗ್ ಇಂಥ ಮೀನು ಮಾರಿದ್ರೆ ಮುಖಕ್ಕೆ ಎಸೀತಿದ್ದೆ."

"ಒಂದಲ್ಲ ಒಂದು ದಿನ ಆ ದೀಪ ಆರತ್ತೆ. ಆವತ್ತು ಮುಳ್ಳು ಸಮೇತ ತೋರಿಸ್ತೀನಿ ನಿಂಗೆ."

ಆ ಗೆಲಾಕ್ಸಿಯ ಹೊಟ್ಟೆಯಲ್ಲಿ ಕಪ್ಪು ದೂಳಿನ ಗೆರೆಗಳಿವೆಯಂತೆ. ಅವನ್ನೇ ಅವನು ಮುಳ್ಳು ಎಂದದ್ದು.

ಸಲೂದ್ ತೀರಿಕೊಂಡಾಗ ಮೀನು ಮೇಲೇರುವ ಕಾಲ ಇನ್ನೂ ಬಂದಿರಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅವನು ಆ ಟಿವಿಯನ್ನು ತಲೆದಿಂಬಿನ ಹತ್ತಿರವೇ ಬಿಟ್ಟ. ಹಾಸಿಗೆ ಖಾಲಿ. ಆದರೂ ಅಂಗಳದಿಂದ ತಂತಿ ಕಿಟಕಿಯೊಳಗೇ ಹೋಗುತ್ತಿತ್ತು. ನಾವು ಟಿವಿ ನೋಡಲು ಹೋಗುವುದು ಮೆಲ್ಲಗೆ ನಿಂತಿತು. ತೋರಿಸುತ್ತೇನೆ ಎಂದ ಮಾತೊಂದು ಅವನಲ್ಲಿ ಉಳಿದುಬಿಟ್ಟಿತ್ತು, ಅದನ್ನು ನಾವೆಲ್ಲ ಬಲ್ಲೆವು. ಕಾರ್ದಿಂಗ್ ಕೂಡ ಅದರ ಬಗ್ಗೆ ತಮಾಷೆ ಮಾಡುತ್ತಿರಲಿಲ್ಲ.

ಮರುವರ್ಷ ನವೆಂಬರಿನಲ್ಲಿ ದೊಡ್ಡ ಬಿರುಗಾಳಿ ಬಂತು.

ಹಿಂದಿನ ದಿನ ಎಲ್ಲರೂ ಎತ್ತರದ ಶಾಲೆಯ ಕಟ್ಟಡಕ್ಕೆ ಹೊರಟೆವು. ಜನ ಅಕ್ಕಿ ಹೊತ್ತರು, ಹಂದಿ ಹೊತ್ತರು, ಮುದುಕರನ್ನು ಹೊತ್ತರು. ಮಾನೊ ತಿಕ್ಯೊ ಪ್ಲೈವುಡ್ ಡಬ್ಬ ಹೊತ್ತ; ಮತ್ತೆ ಇಳಿದು ಬಂದು ಬ್ಯಾಟರಿ, ಸೋಲಾರ್ ಹಲಗೆ, ಟಿವಿ ಹೊತ್ತ. "ಎರಡನೇ ಹೆಂಡ್ತೀನ ಸಂಸಾರ ಸಮೇತ ಸಾಗಿಸ್ತಿದಾನೆ ನೋಡ್ರೋ," ಎಂದ ಕಾರ್ದಿಂಗ್. ಎಲ್ಲರೂ ನಕ್ಕೆವು. ನಮ್ಮ ಓಣಿ ಸೇರಿ ನಕ್ಕದ್ದು ಅದೇ ಕೊನೆ ಇರಬೇಕು.

ಗಾಳಿಯನ್ನು ನಾವು ಬಲ್ಲೆವು, ಸಮುದ್ರ ಎದ್ದು ಮನೆಯೊಳಗೆ ಬರುವುದನ್ನು ಕಂಡಿರಲಿಲ್ಲ. ಇಳಿದು ಬಂದಾಗ ಓಣಿ ಎಲ್ಲಿತ್ತೆಂದು ಹುಡುಕಬೇಕಾಯಿತು. ತೆಂಗಿನ ಮರಗಳೆಲ್ಲ ಒಂದೇ ಕಡೆಗೆ ಮಲಗಿದ್ದವು. ಮನೆ ಬಿಟ್ಟು ಬರಲು ಒಪ್ಪದಿದ್ದ ಕಾರ್ದಿಂಗನ ತಾಯಿ ಸಿಗಲೇ ಇಲ್ಲ. ಇಸ್ಯಾಂಗಳ ಗಂಡ ಬೆರ್ತೊ ದೋಣಿಯನ್ನು ಬಿಗಿದು ಕಟ್ಟಲು ಹಿಂದೆ ಉಳಿದಿದ್ದ; ಹಾರಿ ಬಂದ ತಗಡು ಅವನ ಕಾಲಿಗೆ ಹೊಡೆದು ಮೂಳೆ ಕಾಣುವಂತೆ ಸೀಳಿತ್ತು. ಮಾನೊ ತಿಕ್ಯೊನ ಮನೆಯಲ್ಲಿ ಅಡುಗೆಮನೆ ಹೋಗಿ, ಮಲಗುವ ಕೋಣೆ ಉಳಿಯಿತು. ಐಸ್ ಕಾರ್ಖಾನೆ ಇದ್ದ ಜಾಗದಲ್ಲಿ ಬರೀ ಸಿಮೆಂಟಿನ ನೆಲ. ದೀಪದ ಕಂಬ ಮೊಣಕೈಯಂತೆ ಬಾಗಿ ನೀರು ಮುಟ್ಟಿತ್ತು.

ಮೊದಲ ಸಂಜೆ ಕತ್ತಲಾದಾಗ, ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಕಾರ್ದಿಂಗ್ ತಲೆ ಎತ್ತಿ ಕೇಳಿದ.

"ಈ ಸಲ ಎಷ್ಟು ಮೊಟ್ಟೆ ಕೊಟ್ಟಿದ್ದೆ ಮಾನೊ?"

ಯಾರೂ ನಗಲಿಲ್ಲ. ಅವನೂ ನಗಿಸಲು ಕೇಳಿರಲಿಲ್ಲ. ಮಾನೊ ತಿಕ್ಯೊ ಎದ್ದು ಹೋದ.

ಮರುದಿನವೇ ಅವನು ಸೋಲಾರ್ ಹಲಗೆಯನ್ನು ಮುರಿದ ಮಾಡಿನ ಮೇಲೆ ಕಟ್ಟಿದ. ಇಡೀ ದಂಡೆಯಲ್ಲಿ ಕರೆಂಟಿದ್ದದ್ದು ಅವನ ಲಾರಿ ಬ್ಯಾಟರಿಯಲ್ಲಿ ಮಾತ್ರ. ಗುಡ್ಡದ ನೆತ್ತಿಗೆ ಹೋದರೆ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಫೋನಿಗೆ ಜೀವ ಬೇಕಲ್ಲ, ಅದಕ್ಕೆ ಜನ ಅವನ ಮನೆಗೆ ಬಂದರು. ಬಂದ ಫೋನುಗಳನ್ನು ಅವನು ಒಂದು ಪ್ಲಾಸ್ಟಿಕ್ ಬೋಗುಣಿಯಲ್ಲಿ ಹಾಕಿಸಿಕೊಂಡು, ಸರದಿಯಂತೆ ಬ್ಯಾಟರಿಗೆ ಸಿಕ್ಕಿಸಿ, ತುಂಬಿದವನ್ನು ಸಲೂದಳ ಕಪಾಟಿನ ಮೇಲೆ, ಅವಳ ಸಂತ ಕ್ಲಾರಾಳ ಪುಟ್ಟ ಮೂರ್ತಿಯ ಮುಂದೆ ಸಾಲಾಗಿ ಇಡುತ್ತಿದ್ದ. ಬೋಗುಣಿಯಲ್ಲಿದ್ದರೆ ಕಾಯಬೇಕು, ಕಪಾಟಿನ ಮೇಲಿದ್ದರೆ ಕೇಳದೆ ಎತ್ತಿಕೊಂಡು ಹೋಗಬಹುದು. ಎಲ್ಲರಿಗೂ ಈ ಪದ್ಧತಿ ಅಭ್ಯಾಸವಾಯಿತು. ಯಾರಿಂದಲೂ ಅವನು ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ಕಾರ್ದಿಂಗ್ ಕೂಡ ಮೊದಲು ಬೇರೆಯವರ ಕೈಲಿ ಫೋನು ಕಳಿಸಿ, ಆಮೇಲೆ ತಾನೇ ತಂದ.

ಮಳೆ ಬಿಡಲಿಲ್ಲ. ಗಾಯಾಳುಗಳನ್ನು ಸಾಗಿಸುವ ಹೆಲಿಕಾಪ್ಟರ್ ಇಳಿಯಲಾಗದೆ ಮೋಡದ ಮೇಲೆ ಸುತ್ತು ಹಾಕಿ ವಾಪಸಾಗುತ್ತಿತ್ತು. ಬೆರ್ತೊನ ಕಾಲು ವಾಸನೆ ಹೊಡೆಯಲು ಶುರುವಾಯಿತು. ಇಸ್ಯಾಂಗಳ ಕೋಳಿಗಳಲ್ಲಿ ಒಂದು ಎಲ್ಲೋ ಬದುಕಿಕೊಂಡು ಬಂದಿತ್ತು. ಅದು ಒಂದು ಮೊಟ್ಟೆ ಇಟ್ಟಿತು. ಹೊಟ್ಟೆಗಿಲ್ಲದ ಆ ದಿನಗಳಲ್ಲಿ ಅವಳು ಅದನ್ನು ಬೇಯಿಸಲಿಲ್ಲ. ಸೂರು ಹಾರಿಹೋಗಿದ್ದ ಇಗರ್ಜಿಗೆ ಒಯ್ದು ಇಟ್ಟು ಬಂದಳು. ಆಕಾಶ ತೆರೆಯಿತು. ಹೆಲಿಕಾಪ್ಟರ್ ಇಳಿದು ಬೆರ್ತೊನನ್ನು ಸೆಬು ದ್ವೀಪದ ಆಸ್ಪತ್ರೆಗೆ ಒಯ್ದಿತು. ಜೊತೆಗೆ ಒಬ್ಬರಿಗೂ ಜಾಗ ಇರಲಿಲ್ಲ.

ಅಲ್ಲಿಯ ವಾರ್ಡಿನ ಒಬ್ಬ ಸಿಸ್ಟರು ತನ್ನ ಫೋನನ್ನು ರೋಗಿಗಳ ಕಿವಿಗೆ ಹಿಡಿಯುವಷ್ಟು ಒಳ್ಳೆಯವಳು. ಇಸ್ಯಾಂಗ್ ದಿನಾ ಮಧ್ಯಾಹ್ನ ಗುಡ್ಡ ಹತ್ತಿ ಗಂಡನ ದನಿ ಕೇಳಿ ಇಳಿಯುತ್ತಿದ್ದಳು. ಒಂದು ದಿನ ಇಳಿದವಳು ನೇರ ಮಾನೊ ತಿಕ್ಯೊನ ಮನೆಗೆ ಬಂದಳು. ಮುಸ್ಸಂಜೆ. ಬೋಗುಣಿ ಆಗಲೇ ಖಾಲಿಯಾಗಿತ್ತು.

"ಇದೊಂದು ತುಂಬಿಸಿಬಿಡು ಮಾನೊ. ನಾಳೆ ಬೆಳಿಗ್ಗೆ ಕಾಲು ತೆಗೀತಾರಂತೆ. ಒಳಗೆ ಕರ್ಕೊಂಡು ಹೋಗೋ ಮುಂಚೆ ಮಾತಾಡ್ತಾನಂತೆ."

"ಹೇಳು ಅವನಿಗೆ, ಇನ್ಮೇಲೆ ಒಂದೇ ಚಪ್ಪಲಿ ಸಾಕು ಅಂತ."

"ನೀನೇ ಹೇಳು. ನಾ ಹೇಳಿದ್ರೆ ಅಳ್ತಾನೆ." ಅವಳು ನಕ್ಕು ಮೂಗು ಒರೆಸಿಕೊಂಡಳು. "ಕೋಳಿ ಕೂಗೋ ಮುಂಚೆ ಬಂದು ತಗೊಂಡು ಹೋಗ್ತೀನಿ. ನೀನು ಏಳಬೇಡ."

ಫೋನನ್ನು ಬ್ಯಾಟರಿಗೆ ಸಿಕ್ಕಿಸಿ, ಪರಿಹಾರಕ್ಕೆ ಬಂದ ಡಬ್ಬಿ ಮೀನಿನಲ್ಲಿ ಅನ್ನ ಕಲಸಿಕೊಂಡು ಉಂಡು, ಕೈ ತೊಳೆಯಲು ಅವನು ಅಂಗಳಕ್ಕೆ ಬಂದ. ತಲೆ ಎತ್ತಿದ.

ಇದನ್ನು ಅವನು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ಒಂದು ರೇಡಿಯೊ ಬಿಚ್ಚಿ ಕೂತಿದ್ದಾಗ, ತಲೆ ಎತ್ತದೆ. ಆಕಾಶ ಅಷ್ಟು ಹತ್ತಿರ ಇದ್ದದ್ದನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲವಂತೆ. ಗುಡ್ಡದಿಂದ ಸಮುದ್ರದವರೆಗೆ ಒಂದು ದೀಪವಿಲ್ಲ. ದಕ್ಷಿಣದಲ್ಲಿ, ದಕ್ಕೆಯ ಮೇಲೆ, ಯಾವಾಗಲೂ ಕಲಗಚ್ಚಿನಂತಿದ್ದ ಜಾಗ ಕಪ್ಪಗೆ ತೊಳೆದಂತಿತ್ತು. ಅವನು ಮೊದಲು ಒಳಗೆ ಹೋಗಿ ಮಲಗಿದನಂತೆ. ಮಲಗಿದರೆ ತಲೆದಿಂಬಿನ ಪಕ್ಕದಲ್ಲೇ ಆ ಟಿವಿ.

ಎದ್ದು ಬಂದು ಡಬ್ಬ ನಿಲ್ಲಿಸಿದ. ಬ್ಯಾಟರಿಯಲ್ಲಿ ಫೋನು, ಮೋಟಾರು, ಕ್ಯಾಮೆರಾ, ಟಿವಿ ಎಲ್ಲಕ್ಕೂ ಆಗುವಷ್ಟು ಕಸುವಿಲ್ಲ ಎಂದು ಗೊತ್ತಿತ್ತು. ಒಂದೇ ಒಂದು ಚಿತ್ರ ತೆಗೆದುಕೊಂಡು ಮತ್ತೆ ಫೋನು ಹಚ್ಚಿದರಾಯಿತು ಎಂದು ಇಸ್ಯಾಂಗಳ ಫೋನನ್ನು ತೆಗೆದ. ಬೋಗುಣಿಯನ್ನು ಅಂಗಳದಲ್ಲೇ ಬಿಟ್ಟಿದ್ದ, ಅದರಲ್ಲಿಟ್ಟರೆ ಇಬ್ಬನಿ ಬೀಳುತ್ತದೆ. ಅದಕ್ಕೆ ಒಳಗೆ ಒಯ್ದು ಕಪಾಟಿನ ಮೇಲೆ ಇಟ್ಟ.

ಟಿವಿಯಲ್ಲಿ ಮೊದಲು ಇರುವೆಗಳು. ಆಮೇಲೆ ನಡುವಿನ ತುಂಡು. ಅವನು ಕಾದ. ತುಂಡು ಎರಡೂ ಕಡೆ ಬೆಳೆಯಿತು. ತಲೆ ಬಂತು. ಬಾಲ ಬಂತು. ಅವನು ಸಲೂದಳ ಹಾಸಿಗೆಯ ಅಂಚಿನಲ್ಲಿ ಕೂತು, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದುಕೊಂಡ. ಹೊಟ್ಟೆಯ ಬಿಳುಪಿನಲ್ಲಿ ಕಪ್ಪು ಗೆರೆಗಳು ಒಂದೊಂದಾಗಿ ಬಿಡಿಸಿಕೊಂಡವು. ಚಿತ್ರವನ್ನು ಕ್ಯಾಮೆರಾದೊಳಗಿನ ಉಗುರಿನಗಲದ ಕಾರ್ಡಿನಲ್ಲಿ ಹಿಡಿದಿಟ್ಟ. ಹಿಡಿದ ಮೇಲೆಯೂ ಎದ್ದೇಳಲಿಲ್ಲ.

"ಅವಳ ಜೊತೆ ಕೂತಿದ್ದೆ," ಎಂದ ನನಗೆ. "ಅಷ್ಟೇ ಕಣೋ. ಬೇರೆ ಏನೂ ನೆನಪಾಗಲಿಲ್ಲ."

ಚಿತ್ರ ತಾನಾಗಿಯೇ ನಡುಗಿ, ಕುಗ್ಗಿ, ಒಂದು ಚುಕ್ಕಿಯಾಗಿ ಆರಿತು. ಬ್ಯಾಟರಿ ಮುಗಿದಿತ್ತು. ಬಿಸಿಲು ಬಂದ ಕೂಡಲೇ ಫೋನು ಹಚ್ಚೋಣ, ಇಸ್ಯಾಂಗ್ ಬಂದರೆ ಸ್ವಲ್ಪ ತಡೆ ಎನ್ನೋಣ ಎಂದುಕೊಂಡು ಅವನು ಹಾಗೇ ಒರಗಿದ. ನಿದ್ದೆ ಹತ್ತಿತು.

ಇಸ್ಯಾಂಗ್ ಹೇಳಿದ ಹಾಗೆ ಕೋಳಿ ಕೂಗುವ ಮುಂಚೆ ಬಂದಳು. ಫೋನು ಕಪಾಟಿನ ಮೇಲೆ, ಸಂತ ಕ್ಲಾರಾಳ ಮುಂದೆ ಇತ್ತು. ಕಪಾಟಿನ ಮೇಲಿದ್ದರೆ ತುಂಬಿದೆ ಎಂದೇ. ಮಾನೊ ಬಾಯಿ ತೆರೆದು ಮಲಗಿದ್ದ; ಪಾಪ, ಎಲ್ಲರ ಕೆಲಸ ಮಾಡಿ ದಣಿದಿದ್ದಾನೆ ಎಂದು ಅವಳು ಸದ್ದಿಲ್ಲದೆ ಎತ್ತಿಕೊಂಡು, ಅವನ ಕಾಲ ಮೇಲೆ ಹೊದಿಕೆ ಎಳೆದು, ಗುಡ್ಡ ಹತ್ತಿದಳು.

ಗುಡ್ಡದ ಮೇಲೆ ನಾವು ಕೆಲವರು ಇದ್ದೆವು. ಫೋನು ಹೊಡೆದುಕೊಂಡಿತು. ಅವಳು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡಳು. ಆ ಕಡೆಯಿಂದ ಬೆರ್ತೊ ಕೆಮ್ಮಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಇಸ್ಯಾಂಗ್, ಕೇಳಿಸ್ತಿದ್ಯಾ?"

"ಕೇಳಿಸ್ತಿದೆ, ಹೇಳು."

ಅವನು ಉಸಿರೆಳೆದುಕೊಂಡ. ಫೋನು ಸತ್ತಿತು.

ಅವಳು ಅದನ್ನು ಅಲುಗಾಡಿಸಿದಳು, ಹೆಗಲಿಗೆ ಹಾಕಿಕೊಂಡಿದ್ದ ಟವೆಲಿನಲ್ಲಿ ಒರೆಸಿದಳು, ಮತ್ತೆ ಕಿವಿಗಿಟ್ಟುಕೊಂಡಳು. ಕಾರ್ದಿಂಗ್ ತನ್ನ ಫೋನು ಬಿಚ್ಚಿ ಅವಳ ಸಿಮ್ ಹಾಕಿಕೊಟ್ಟ. ಅದು ಹತ್ತಿಕೊಂಡು, ಸಿಗ್ನಲ್ ಹಿಡಿದು, ಆ ಕಡೆ ಸಿಸ್ಟರು ಎತ್ತುವಷ್ಟರಲ್ಲಿ ಬೆರ್ತೊನನ್ನು ಒಳಗೆ ಕರೆದೊಯ್ದಾಗಿತ್ತು. ಕಾಯಿರಿ, ಬಂದ ಮೇಲೆ ಮಾತಾಡಿಸುತ್ತೇನೆ ಎಂದಳು ಸಿಸ್ಟರು. ಕಾದೆವು. ಬಿಸಿಲೇರಿದ ಮೇಲೆ ಫೋನು ಬಂತು. ವಿಷ ರಕ್ತಕ್ಕೆ ಏರಿತ್ತಂತೆ. ಅವನು ಹೊರಗೆ ಬರಲಿಲ್ಲ.

ಇಳಿಯುವಾಗ ದಾರಿಯಲ್ಲಿ ಮಾನೊ ತಿಕ್ಯೊ ಎದುರಾದ. ಎಚ್ಚರವಾಗಿ ಕಪಾಟು ನೋಡಿ ಬರಿಗಾಲಲ್ಲಿ ಓಡಿ ಬಂದಿದ್ದ. ಇಸ್ಯಾಂಗ್ ಅವನ ಎದುರು ನಿಂತು ಹೇಳಿದ್ದು ಇಷ್ಟೇ:

"ಮಲಗಿದ್ದೆ ನೀನು. ಎಬ್ಬಿಸಲಿಲ್ಲ."

ಬೆರ್ತೊನನ್ನು ಸೆಬುವಿನಲ್ಲೇ ಮಣ್ಣು ಮಾಡಿದರು. ಇಲ್ಲಿ ಒಂಬತ್ತು ಸಂಜೆಯ ಪ್ರಾರ್ಥನೆ ಅವನ ಅಂಗಿಯನ್ನು ಕುರ್ಚಿಯ ಮೇಲೆ ಹಾಸಿ ನಡೆಯಿತು. ಆ ಒಂಬತ್ತು ಸಂಜೆಯೂ ಸತ್ತವನ ಹತ್ತಿರ ದೀಪ ಇರಬೇಕು. ಮೊದಲ ದಿನ ಮಾನೊ ತಿಕ್ಯೊ ಯಾರ ಫೋನನ್ನೂ ಮುಟ್ಟದೆ ಬ್ಯಾಟರಿಯನ್ನು ಬಿಸಿಲಿಗಿಟ್ಟು, ಸಂಜೆ ಹೊತ್ತು ತಂದು, ಕುರ್ಚಿಯ ಮೇಲೆ ಬಲ್ಬು ಕಟ್ಟಿದ. ಬಿರುಗಾಳಿಯ ಮೇಲೆ ಅಷ್ಟು ಬೆಳಕು ನಾವು ನೋಡಿರಲಿಲ್ಲ. ಒಬ್ಬರ ಮುಖ ಒಬ್ಬರಿಗೆ ಕಂಡು ನಾಚಿಕೆಯಾಯಿತು. ಇಸ್ಯಾಂಗ್ ಒಲೆಯ ಹತ್ತಿರದಿಂದ ಬಂದು, ಅವನ ಕಡೆ ನೋಡದೆ, ತಂತಿಯ ತಿರುಪು ಬಿಚ್ಚಿದಳು.

"ಬತ್ತಿ ಸಾಕು," ಎಂದಳು.

ಕೊಬ್ಬರಿ ಎಣ್ಣೆಯ ಬತ್ತಿ ಹಚ್ಚಿದಳು. ಅವನು ಬ್ಯಾಟರಿಯನ್ನು ಮತ್ತೆ ಹೊತ್ತುಕೊಂಡು ಹೊರಗೆ ಹೋಗಿ, ಮುರಿದ ದೋಣಿಯ ಮೇಲೆ ಕೂತ. ಉಳಿದ ಎಂಟು ಸಂಜೆಯೂ ಬಂದು ಅಲ್ಲೇ ಕೂತ. ಒಂಬತ್ತನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಎದ್ದು ಬಾಗಿಲಿಗೆ ಬಂದು, "ಫೋನು ತೆಗೆದು ಕಪಾಟಿನ ಮೇಲೆ ಇಟ್ಟವನು ನಾನು. ತುಂಬಿರಲಿಲ್ಲ. ನನ್ನ ಕೆಲಸಕ್ಕೆ ತೆಗೆದಿದ್ದೆ," ಎಂದ ಎಲ್ಲರ ಎದುರು. ಒಳಗೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ನಮ್ಮ ಓಣಿಯಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಫೋನು ತರುವವರು ಕಡಿಮೆಯಾದರು. ತಂದವರೂ ತುಂಬುವವರೆಗೆ ಅಲ್ಲೇ ಕೂತು, ತಮ್ಮ ಕೈಯಾರೆ ಬಿಚ್ಚಿಕೊಂಡು ಹೋಗುತ್ತಿದ್ದರು. ಆಮೇಲೆ ಪೇಟೆಯಿಂದ ಜನರೇಟರ್ ಬಂತು. ಅವನು ಡಬ್ಬವನ್ನು ಮತ್ತೆ ಎತ್ತಿ ನಿಲ್ಲಿಸಲಿಲ್ಲ. ಕನ್ನಡಿಯನ್ನು ಬಿಚ್ಚಿ, ಸಲೂದಳ ಹಳೆಯ ಲಂಗದಲ್ಲಿ ಸುತ್ತಿ, ಮುಖ ಕೆಳಗೆ ಮಾಡಿ ಕಪಾಟಿನಲ್ಲಿಟ್ಟ. ಖಾಲಿ ಡಬ್ಬವನ್ನು ಕಾರ್ದಿಂಗ್ ಒಂದು ದಿನ ಸುತ್ತ ನೋಡಿ, "ಕೋಳಿಗೂಡಿಗೆ ಆಗತ್ತೆ," ಎಂದ. "ತಗೊಂಡು ಹೋಗು," ಎಂದ ಮಾನೊ. ಇಷ್ಟು ವರ್ಷ ಆಕಾಶ ನೋಡಿದ ಡಬ್ಬದೊಳಗೆ ಕೋಳಿಗಳು ಕೂತು ಮೊಟ್ಟೆ ಇಟ್ಟವು.

ವರ್ಷ ಕಳೆಯಿತು. ಸತ್ತವರ ದಿನ ನಾವೆಲ್ಲ ಸಮಾಧಿಗಳ ಹತ್ತಿರ ಮೇಣದ ಬತ್ತಿ, ಅನ್ನ, ಹೂವು ಹಿಡಿದು ಹೋದೆವು. ಆ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಸಲೂದಳ ಸಮಾಧಿಗೆ ಒರಗಿಸಿಡುವುದು ಅವನ ಆಸೆಯಾಗಿತ್ತು ಎಂದು ನನಗೆ ಗೊತ್ತು. ಅವನು ಬರಿಗೈಯಲ್ಲಿ ಬಂದಿದ್ದ. ಬತ್ತಿಯನ್ನೂ ತಂದಿರಲಿಲ್ಲ. ಕತ್ತಲಾಗುವವರೆಗೆ ಕೂತು ಎದ್ದು ಹೋದ.

ಅದೇ ತಿಂಗಳು ಸರ್ಕಾರದವರು ಬಂದು, ದಂಡೆಯ ಮೇಲೆ ಇನ್ನು ಮನೆ ಕೂಡದು, ಗುಡ್ಡದ ಮೇಲೆ ಸಾಲುಮನೆ ಕಟ್ಟಿದ್ದೇವೆ, ಚೀಟಿ ಎತ್ತಿ ಎಂದರು. ಎತ್ತಿದೆವು. ಮಾನೊ ತಿಕ್ಯೊನಿಗೆ ಇಸ್ಯಾಂಗಳ ಪಕ್ಕದ ಮನೆ ಬಂತು. ಎರಡಕ್ಕೂ ಒಂದೇ ಗೋಡೆ.

"ಬೇಡ," ಎಂದ ಅವನು. "ಮಸ್ಬಾತೆ ದ್ವೀಪದಲ್ಲಿ ತಂಗಿ ಇದಾಳೆ, ಅಲ್ಲಿಗೆ ಹೋಗ್ತೀನಿ."

"ನಂದು ಬದಲಾಯಿಸ್ಕೋ ಮಾನೊ," ಎಂದ ಕಾರ್ದಿಂಗ್. "ನಾನು ಆ ಮನೇಲಿ ಇರ್ತೀನಿ."

"ಗುಡ್ಡ ಒಂದೇ ಅಲ್ವೇನೋ. ಗೋಡೆ ಆಚೆ ಅಲ್ಲದಿದ್ರೆ ಓಣಿ ಆಚೆ, ನಾನು ಕೆಮ್ಮಿದ್ದು ಅವಳಿಗೆ ದಿನಾ ಕೇಳಿಸತ್ತೆ."

ಕಾರ್ದಿಂಗ್ ತನ್ನ ಚೀಟಿಯನ್ನು ಮಡಿಸಿ ಜೇಬಿಗಿಟ್ಟ.

ಹೊರಡುವ ದಿನ ಬೆಳಿಗ್ಗೆ ಅವನ ಕೈಯಲ್ಲಿ ರಿಪೇರಿಯ ಚೀಲ, ಬಗಲಲ್ಲಿ ಲಂಗದಲ್ಲಿ ಸುತ್ತಿದ ಕನ್ನಡಿ. ಬ್ಯಾಟರಿ, ಹಲಗೆ, ಟಿವಿ ಒಳಗೇ ಬಿಟ್ಟಿದ್ದ. ನಾವು ಬೇಲಿಯ ಹತ್ತಿರ ನಿಂತಿದ್ದೆವು. ಬೇಲಿಯಾಚೆ ಇಸ್ಯಾಂಗ್ ಬಿದಿರು ತಟ್ಟಿಯ ಮೇಲೆ ಸೀಳಿದ ಮೀನು ಹರಡುತ್ತಿದ್ದಳು. ಗುಡ್ಡದ ಮೇಲೆ ಮೀನಿಗೆ ಗಾಳಿ ಸಾಲದೆಂದು ಕೊನೆಯವರೆಗೂ ಇಲ್ಲೇ ಒಣಗಿಸುತ್ತಿದ್ದಳು. ಒಂದು ವರ್ಷದಿಂದ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಹೊರಟ್ಯಾ ಮಾನೊ?"

ಅವನು ಹೊಸ್ತಿಲಲ್ಲೇ ನಿಂತ. "ಹೊರಟೆ."

ಅವಳು ಒಂದು ಮೀನು ಬಿಡಿಸಿ ಹಾಸಿದಳು.

"ಆವತ್ತು ಅದು ಬಂತಾ? ಸಲೂದ್ ಹೇಳ್ತಿದ್ಳಲ್ಲ, ಆ ಮೀನು."

ಇಲ್ಲ ಅನ್ನಲಿ ಎಂದು ನಾವೆಲ್ಲ ಬಯಸಿದೆವು ಎಂದು ಕಾಣುತ್ತದೆ. ಕಾರ್ದಿಂಗ್ ನೆಲ ನೋಡುತ್ತಿದ್ದ.

"ಬಂತು."

"ಪೂರ್ತಿ?"

"ಪೂರ್ತಿ."

"ಮುಳ್ಳು ಸಮೇತ?"

"ಮುಳ್ಳು ಸಮೇತ ಬಂತು ಇಸ್ಯಾಂಗ್."

ಅವಳು ತಲೆಯಾಡಿಸಿದಳು. ಬುಟ್ಟಿಯಿಂದ ಇನ್ನೊಂದು ಮೀನು ತೆಗೆದು, ತಲೆ ಒಂದು ಕಡೆ ಬಾಲ ಒಂದು ಕಡೆ ಸರಿಮಾಡಿ ಹಾಸಿದಳು. ಮೇಲೆ ಕೂತ ನೊಣ ಓಡಿಸಿದಳು.

"ದೋಣಿ ಹೊರಟುಹೋಗತ್ತೆ. ನಡೀ," ಎಂದಳು.

ಅವನು ಬಾಗಿಲನ್ನು ಎಳೆದುಕೊಂಡ. ಬಿರುಗಾಳಿಯಲ್ಲಿ ಚೌಕಟ್ಟು ಓರೆಯಾಗಿದ್ದ ಬಾಗಿಲು ಅರ್ಧಕ್ಕೆ ಬಂದು ನಿಂತಿತು. ಮತ್ತೊಮ್ಮೆ ಎಳೆಯಲಿಲ್ಲ. ಕಿಟಕಿಯೊಳಕ್ಕೆ ಹೋಗಿದ್ದ ಹಳೆಯ ತಂತಿ ದಾರಿಗೆ ಅಡ್ಡವಾಗಿತ್ತು. ಅದನ್ನು ಎತ್ತಿ ಗೂಟಕ್ಕೆ ಸಿಕ್ಕಿಸಿ, ಕನ್ನಡಿಯನ್ನು ಎದೆಗೆ ಅವುಚಿಕೊಂಡು, ದಕ್ಕೆಯ ಕಡೆ ಇಳಿದು ಹೋದ.